ಹಲಗೆ ಮೇಲಿನ ಆರು ಮಂದಿ

ಉಬಾಲ್ದಿನಾ ಸಿಚಾ ಕೆಂಪು ಬಣ್ಣ ಮುಟ್ಟುವುದಿಲ್ಲ. ಮೂವತ್ತೊಂದು ವರ್ಷದಿಂದ ಮುಟ್ಟಿಲ್ಲ. ಅವಳು ಚಿತ್ರ ಬರೆಯುವ ಮರದ ಹಲಗೆಗಳಲ್ಲಿ ಹೆಂಗಸರ ಲಂಗ ನೀಲಿ, ಹೂವು ಹಳದಿ, ಹುಂಜದ ಜುಟ್ಟು ಕೂಡ ಕಂದು. ಇದಕ್ಕೆ ಲೀಮಾ ಪಟ್ಟಣದ ದೊಡ್ಡ ಮನುಷ್ಯರು ತಾವೇ ಒಂದು ಕಾರಣ ಕಂಡುಹಿಡಿದಿದ್ದರು. ಬೆಟ್ಟದ ಜನಕ್ಕೆ ಕೆಂಪು ಭೂಮಿತಾಯಿಯ ಬಣ್ಣವಂತೆ. ಅದನ್ನು ಹಲಗೆಗೆ ಬಳಿದರೆ ಅಪಚಾರವಂತೆ. ಅದಕ್ಕೇ ಈ ಕಲಾವಿದೆ ಕೆಂಪನ್ನು ಮೌನದಲ್ಲೇ ಪೂಜಿಸುತ್ತಾಳಂತೆ. ಹಾಗೆಂದು ಹಿಮೇನಾ ಅಮ್ಮಾವರು ತಮ್ಮ ಗ್ಯಾಲರಿಯ ಪುಸ್ತಕದಲ್ಲಿ, ಹೊಳೆಯುವ ಕಾಗದದ ಮೇಲೆ, ಅಚ್ಚು ಹಾಕಿಸಿದ್ದರು. ಅವಳನ್ನು ಒಬ್ಬರಾದರೂ ಕೇಳಿರಲಿಲ್ಲ.

ಪೂಜೆಯಂತೆ, ಪೂಜೆ. ಇವರ ಬುದ್ಧಿಗಿಷ್ಟು ಬೆಂಕಿ ಹಾಕ.

ತಿಂಗಳಿಗೆ ಎರಡು ಸಲ ಅವಳು ಮರಳುಗುಡ್ಡದ ಮೇಲಿನ ತನ್ನ ತಗಡಿನ ಮನೆಯಿಂದ ಮೂರು ಬಸ್ಸು ಬದಲಿಸಿ ಸಮುದ್ರದ ಕಡೆಯ ಬಡಾವಣೆಯ ಆ ಗ್ಯಾಲರಿಗೆ ಬರಬೇಕು. ಹಿಂಬಾಗಿಲಿನಿಂದ ಒಳಗೆ ಹೋಗಬೇಕು. ಅಲ್ಲಿ ಗೂಟಕ್ಕೆ ನೇತುಹಾಕಿದ ಕಸೂತಿ ಲಂಗ, ಹೂವಿನ ಟೋಪಿ ತೊಡಬೇಕು. ಆ ಲಂಗ ಅವಳ ಊರಿನದಲ್ಲ. ಅವಳ ಊರಿನ ಹೆಂಗಸರು ಅಂಥ ಟೋಪಿಯನ್ನು ಜನ್ಮದಲ್ಲಿ ತಲೆಗಿಟ್ಟವರಲ್ಲ. ಒಂದು ಸಲ ಅದನ್ನೂ ಹೇಳಿ ನೋಡಿದ್ದಳು. ನೋಡುವವರ ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕು ಮಗಳೇ ಎಂದಿದ್ದರು ಹಿಮೇನಾ. ಅಮ್ಮಾವರಿಗೆ ನಲವತ್ತು. ಮಗಳಿಗೆ ಐವತ್ತೇಳು.

ಆಮೇಲೆ ತಗ್ಗು ಮಣೆಯ ಮೇಲೆ ಕೂತು, ಕೋಳಿಗರಿಯಲ್ಲಿ ಹಲಗೆಯ ಮೇಲೆ ಗೆರೆ ಎಳೆಯಬೇಕು. ಬಂದವರು ನೆತ್ತಿಯ ಮೇಲೆ ನಿಂತು ಫೋಟೊ ಹೊಡೆಯುತ್ತಾರೆ. ಕೇಳದೆ ಅವಳ ಕೈ ಎತ್ತಿ ಹಿಡಿದು ಬೆರಳು ನೋಡುತ್ತಾರೆ. ಇಪ್ಪತ್ತು ವರ್ಷ ಇದೇ ಬಡಾವಣೆಯ ಮನೆಗಳಲ್ಲಿ ಬಟ್ಟೆ ಒಗೆದು, ಸೋಪಿನ ಪುಡಿಗೆ ಸವೆದು ಸುಕ್ಕುಗಟ್ಟಿದ ಬೆರಳು. ಉಗುರು ಎರಡು ಬೆರಳಿಗೆ ಮತ್ತೆ ಬರಲೇ ಇಲ್ಲ. ಅವರು ಅದನ್ನು ಮಣ್ಣಿನ ಮಕ್ಕಳ ಕೈ ಎಂದು ಹೊಗಳುತ್ತಾರೆ. ಅವಸರವಾದರೆ ಅತಿಥಿಗಳ ಕಕ್ಕಸಿಗೆ ಅವಳು ಹೋಗುವಂತಿಲ್ಲ. ಆ ಲಂಗ ಎತ್ತಿಕೊಂಡು ರಸ್ತೆ ದಾಟಿ ಪೆಟ್ರೋಲ್ ಬಂಕಿಗೆ ಓಡಬೇಕು.

ಎಲ್ಲರೂ ಕೇಳುವುದು ಒಂದೇ. ನಿಮ್ಮ ಬದುಕಿನ ಯಾವ ಅನುಭವ ಈ ಚಿತ್ರವಾಯಿತು? ಅದಕ್ಕೆ ಉತ್ತರ ಹಿಮೇನಾ ಬಾಯಿಪಾಠ ಮಾಡಿಸಿದ್ದರು. ನನ್ನ ಅಜ್ಜಿ ಕುರಿ ಕಾಯುತ್ತಾ ಹಾಡುತ್ತಿದ್ದಳು, ಆ ಹಾಡೇ ಗೆರೆಯಾಗಿ ಬಂತು ಎನ್ನಬೇಕು. ಉಬಾಲ್ದಿನಾಳ ಅಜ್ಜಿ ಮೂಗಿ. ಹುಟ್ಟಿದಾಗಿನಿಂದ ಒಂದು ಮಾತಾಡಿದವಳಲ್ಲ. ಆದರೂ ಉಬಾಲ್ದಿನಾ ಅಷ್ಟನ್ನು ಹೇಳಿ ತಲೆ ತಗ್ಗಿಸುತ್ತಿದ್ದಳು, ಹೊಟ್ಟೆಪಾಡು.

ಆ ಬುಧವಾರ ಲಂಗ ತೊಡುವ ಮೊದಲೇ ಹಿಮೇನಾ ಅವಳನ್ನು ಹಿಂದಿನ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಹಳೆಯ ಹಲಗೆ ಮಲಗಿತ್ತು. ಆಳೆತ್ತರಕ್ಕಿಂತ ಉದ್ದ, ಒಂದೂವರೆ ಗೇಣು ಅಗಲ. ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರು ತೀರಿಕೊಂಡರು, ಅವರ ಹೆಂಡತಿ ಮನೆ ಖಾಲಿ ಮಾಡುವಾಗ ಸಿಕ್ಕಿತು ಎಂದರು. ಮೂವತ್ತು ವರ್ಷ ಊಟದ ಮೇಜಿನ ಎದುರಿಗೇ ತೂಗುಹಾಕಿದ್ದರಂತೆ, ಅಷ್ಟು ಅಭಿರುಚಿ ಇದ್ದ ಮನುಷ್ಯನಂತೆ. ಹತ್ತು ದಿನಕ್ಕೆ ಪ್ರದರ್ಶನ. ಪರದೇಶದಿಂದ ಜನ ಬರುತ್ತಾರೆ. ಮಾಸಿದ್ದನ್ನು ತಿದ್ದಿಕೊಡಬೇಕು.

ಉಬಾಲ್ದಿನಾ ನೋಡಿದಳು. ಮುಖಕ್ಕಿಂತ ಮೊದಲು ಗೆರೆ ಗುರುತು ಸಿಕ್ಕಿತು, ಅವಳದೇ ಕೈಯ ಗೆರೆ. ಗರಿ ಜಾರಿ ಚಿತ್ರದ ಹುಡುಗನ ಮೂಗು ಕೊಂಚ ಸೊಟ್ಟಗಾಗಿತ್ತು. ಅದನ್ನು ನೋಡಿ ಆ ಹುಡುಗ ಮೂರು ದಿನ ಅವಳ ಮೇಲೆ ಮುನಿಸಿಕೊಂಡಿದ್ದ. ಮೇಜಿನ ಅಂಚು ಹಿಡಿದು ನಿಂತಳು.

ಅವಳ ಊರು ಚಾಕಮಾರ್ಕಾದಲ್ಲಿ ಹೊಸ ಮನೆ ಎದ್ದರೆ ಧರ್ಮಸಂಬಂಧಿಗಳು, ಎಂದರೆ ಆ ಮನೆಯ ಮಕ್ಕಳನ್ನು ಹೆಸರಿಡುವಾಗ ಎತ್ತಿಕೊಂಡವರು, ಒಂದು ಹಲಗೆ ಬರೆದು ಹೊತ್ತು ತಂದು ಮಾಡಿನ ತೊಲೆಗೆ ಕಟ್ಟಬೇಕು. ಕೆಳಗಿನಿಂದ ಮೇಲಕ್ಕೆ ಓದುವ ಹಲಗೆ ಅದು. ಬುಡದಲ್ಲಿ ಕೊಟ್ಟವರ ಹೆಸರು, ಅದರ ಮೇಲೆ ಮನೆಯ ಯಜಮಾನ, ಯಜಮಾನಿ, ಆಮೇಲೆ ಮಕ್ಕಳು, ಅಣ್ಣತಮ್ಮಂದಿರು, ಹಿರಿಯರು, ತುದಿಯಲ್ಲಿ ಸೂರ್ಯ ಚಂದ್ರ. ಒಬ್ಬೊಬ್ಬರ ಕೈಯಲ್ಲಿ ಅವರವರ ಕೆಲಸ. ಒಬ್ಬೊಬ್ಬರ ಪಕ್ಕದಲ್ಲಿ ಅವರವರ ಹೆಸರು. ಒಬ್ಬರನ್ನು ಬಿಟ್ಟರೂ ಆ ಮನೆಗೆ ಅವಮಾನ, ಹೊಡೆದಾಟವೇ ಆಗುತ್ತದೆ. ಲಾಸ್ತೇನಿಯಾ ಮನೆ ಕಟ್ಟಿದಾಗ ಹಲಗೆ ಕೊಟ್ಟವಳು ಉಬಾಲ್ದಿನಾ. ಲಾಸ್ತೇನಿಯಾಳ ಮಗನಿಗೆ ಹೆಸರಿಡುವಾಗ ಎತ್ತಿಕೊಂಡ ಧರ್ಮತಾಯಿ ಅವಳು. ಲಾಸ್ತೇನಿಯಾ ಅವಳಿಗೆ ಒಡಹುಟ್ಟದ ಅಕ್ಕ. ಕೊಡುವವಳೂ ತಾನೇ, ಬರೆಯುವವಳೂ ತಾನೇ ಎಂದು ಉಬಾಲ್ದಿನಾ ಒಂದು ತಿಂಗಳು ಕೂತು ಬರೆದಿದ್ದಳು. ಆಗ ಅವಳಿಗೆ ಇಪ್ಪತ್ತಾರು.

ಲಾಸ್ತೇನಿಯಾ ಚಿಚಾ ಕಾಯಿಸುತ್ತಿದ್ದಳು. ಮೆಕ್ಕೆಜೋಳದ ಹೆಂಡ. ಸುತ್ತ ಹತ್ತು ಊರಿಗೆ ಅವಳ ಕೈಯ ಚಿಚಾ ಹೆಸರುವಾಸಿ. ಆ ಸೀಮೆಯಲ್ಲಿ ಹೆಂಡ ಹದಕ್ಕೆ ಬಂದ ದಿನ ಬಾಗಿಲ ಮೇಲೆ ಕೋಲಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಅದನ್ನು ಕಂಡವರು ಬಂದು ಕುಡಿದು ಹೋಗುತ್ತಾರೆ. ಬೇರೆಯವರ ಕೈಗೆ ನೇಗಿಲು, ಕದಿರು, ಕೊಳಲು ಕೊಟ್ಟ ಉಬಾಲ್ದಿನಾ ಲಾಸ್ತೇನಿಯಾಳ ಕೈಗೆ ಆ ಕೋಲು ಕೊಟ್ಟಳು. ತುದಿಯಲ್ಲಿ ಕೆಂಪು. ಹಲಗೆಯಲ್ಲೆಲ್ಲ ಅದೇ ಎದ್ದು ಕಾಣಬೇಕೆಂದು ಎರಡು ಸಲ ಬಳಿದಳು.

ಆಲೂಗೆಡ್ಡೆ ಅಗೆಯುವ ಕಾಲಕ್ಕೆ ಸೈನ್ಯ ಬಂತು. ಬೆಟ್ಟದಲ್ಲಿ ಬಂದೂಕು ಹಿಡಿದ ಕೆಂಪು ಬಾವುಟದವರನ್ನು ಹುಡುಕುತ್ತಾ ಬಂದಿತ್ತು. ಕ್ಯಾಪ್ಟನ್ ಕರಾವಳಿಯವನು. ಅವನಿಗೆ ಬೆಟ್ಟದ ಮಾತೂ ಗೊತ್ತಿಲ್ಲ, ಹೆಂಡವೂ ಗೊತ್ತಿಲ್ಲ. ಲಾಸ್ತೇನಿಯಾಳ ಮನೆ ಹೊಕ್ಕವನು ಮೇಲೆ ನೋಡಿದ. ತೊಲೆಯ ಮೇಲೆ ಒಂದು ಹೆಂಗಸು ಕೆಂಪು ಬಾವುಟ ಹಿಡಿದು ನಿಂತಿದ್ದಳು. ಅವಳ ಹಿಂದೆ ಸಾಲಾಗಿ ಒಂದು ದಂಡು, ಹೆಸರು ಸಮೇತ. ಇದು ಹೆಂಡದ ಗುರುತು ಸ್ವಾಮಿ ಎಂದಳು ಲಾಸ್ತೇನಿಯಾ, ತನಗೆ ಬರುವ ಅರೆಬರೆ ಕರಾವಳಿ ಮಾತಿನಲ್ಲಿ. ಅವನು ಅವಳ ಬಾಯಿಗೆ ಬಂದೂಕಿನ ಹಿಡಿಯಿಂದ ಹೊಡೆದ. ಹಲಗೆಯನ್ನು ಕಿತ್ತು ಊರ ನಡುವಿನ ಬಯಲಿಗೆ ತಂದ. ಊರನ್ನೆಲ್ಲ ನಿಲ್ಲಿಸಿ, ಹಲಗೆ ನೋಡಿಕೊಂಡು ಹೆಸರು ಕೂಗಿದ. ಬಂದವರ ಹೆಸರಿನ ಪಕ್ಕ ಪೆನ್ನಿನಲ್ಲಿ ಒಂದೊಂದು ಗೀಟು ಹಾಕಿದ. ಅವಳು ಬರೆದ ಒಂದೂ ಹೆಸರು ಅವನು ಬಿಡಲಿಲ್ಲ. ಲಾಸ್ತೇನಿಯಾಳ ಮಗ, ಏಳು ವರ್ಷದ ನೇಮೆಸಿಯೊನನ್ನೂ ಕೂಗಿದ. ಹುಡುಗ ಶಾಲೆಯಲ್ಲಿ ಹಾಜರಿ ಹೇಳುವಂತೆ ಕೈಯೆತ್ತಿ ಮುಂದೆ ಬಂದ.

ಕೊನೆಗೆ ಬುಡದ ಹೆಸರು ಕೂಗಿದ. ಉಬಾಲ್ದಿನಾ ಸಿಚಾ.

ಅವಳು ಮೂರು ಮಾರು ದೂರದಲ್ಲಿ, ಜನರ ನಡುವೆ ನಿಂತಿದ್ದಳು. ನಾನು ಬರೆದದ್ದು, ಅದು ಹೆಂಡದ ಬಟ್ಟೆ, ಕೊಲ್ಲುವುದಾದರೆ ನನ್ನನ್ನು ಕೊಲ್ಲಿ ಎನ್ನಬೇಕಿತ್ತು. ಅನ್ನಲಿಲ್ಲ. ಲಾಸ್ತೇನಿಯಾ ಒಡೆದ ಬಾಯಲ್ಲೇ ಹೇಳಿದಳು.

"ಅವಳಿಲ್ಲ ಸ್ವಾಮಿ. ಕರಾವಳಿಗೆ ಹತ್ತಿ ಬಿಡಿಸೋಕೆ ಹೋದಳು."

ಕ್ಯಾಪ್ಟನ್ ಹೆಸರಿನ ಪಕ್ಕ 'ಇಲ್ಲ' ಎಂದು ಬರೆದ. ಆರು ಜನರನ್ನು ಲಾರಿಗೆ ಹತ್ತಿಸಿದ. ಹಲಗೆಯನ್ನೂ ಹತ್ತಿಸಿದ. ಲಾಸ್ತೇನಿಯಾ ಕೊನೆಯವರೆಗೂ ಉಬಾಲ್ದಿನಾಳ ಕಡೆ ಕಣ್ಣೆತ್ತಲಿಲ್ಲ. ಎತ್ತಿದ್ದರೆ ಅವನಿಗೆ ಗೊತ್ತಾಗುತ್ತಿತ್ತು.

ಆಮೇಲೆ ಅವರ ಮೂಳೆ ಸಿಗಲಿಲ್ಲ, ಚಪ್ಪಲಿ ಸಿಗಲಿಲ್ಲ. ಆ ದಿನ ಆ ಊರಿಗೆ ನಮ್ಮವರು ಹೋಗೇ ಇಲ್ಲ ಎಂದಿತು ಸೈನ್ಯ. ಆ ವರ್ಷವೇ ಊರ ಕಚೇರಿಗೆ ಬೆಂಕಿ ಬಿದ್ದು ಜನನದ ರಿಜಿಸ್ಟರುಗಳು ಬೂದಿಯಾಗಿದ್ದವು. ಅಯಾಕುಚೊ ಪಟ್ಟಣದ ಸರ್ಕಾರಿ ವಕೀಲರ ಕಚೇರಿಗೆ ಉಬಾಲ್ದಿನಾ ಹನ್ನೊಂದು ಸಲ ಹೋದಳು. ಹನ್ನೊಂದು ಸಲವೂ ಒಂದೇ ಮಾತು. ಈ ಹೆಸರಿನವರು ಹುಟ್ಟಿದ್ದಕ್ಕೇ ಕಾಗದವಿಲ್ಲ, ಹುಟ್ಟದವರು ಕಾಣೆಯಾದರು ಎಂದು ಹೇಗೆ ಬರೆಯಲಿ? ಸರ್ಕಾರದ ಮೊಹರು ಇರುವ ಒಂದೇ ಒಂದು ಕಾಗದ ತಾ, ಇಲ್ಲ ಅವರನ್ನು ಹಿಡಿದವನ ಕೈಬರಹ ತಾ.

ಆ ಕೈಬರಹ ಈಗ ಮೇಜಿನ ಮೇಲಿತ್ತು. ಆರು ಗೀಟು. ಬುಡದಲ್ಲಿ ಒಂದು 'ಇಲ್ಲ'. ಮಸಿ ಕೊಂಚ ಮಾಸಿತ್ತು, ಅಷ್ಟೆ.

ಹಿಮೇನಾ ಕೆಲಸ ವಿವರಿಸುತ್ತಿದ್ದರು. ಯಾರೋ ಪೆನ್ನಿನಲ್ಲಿ ಗೀಚಿ ಹಾಳು ಮಾಡಿದ್ದಾರೆ, ಆ ಗೀಟುಗಳನ್ನೆಲ್ಲ ಒರೆಸಬೇಕು. ಆಮೇಲೆ ಆ ಕೆಂಪು ಕಣ್ಣಿಗೆ ಹೊಡೆಯುವ ಹಾಗೆ ಬಳಿಯಬೇಕು.

"ನೀನು ಕೆಂಪು ಮುಟ್ಟಲ್ಲ ಅಂತ ಗೊತ್ತು ಮಗಳೇ. ಅದಕ್ಕೇ ನಿನ್ನ ಕೈಲೇ ಮಾಡಿಸ್ತಿರೋದು. ಮೂವತ್ತು ವರ್ಷ ಆದಮೇಲೆ ಕಲಾವಿದೆ ಕೆಂಪಿಗೆ ಮರಳಿದಳು ಅಂತ ಹಾಕಿಸ್ತೀನಿ. ಹೇಗಿದೆ?"

ಇದು ತಾನೇ ಬರೆದದ್ದು ಎಂದಳು ಉಬಾಲ್ದಿನಾ. ಹಿಮೇನಾ ಖುಷಿಯಲ್ಲಿ ಚಪ್ಪಾಳೆ ತಟ್ಟಿಬಿಟ್ಟರು. ಆಮೇಲೆ ಉಬಾಲ್ದಿನಾ ಉಳಿದದ್ದನ್ನು ಹೇಳಿದಳು. ಹಲಗೆ ಯಾರದು, ಕೆಂಪು ಯಾತರದು, ಗೀಟು ಯಾರದು, ಲಾರಿಯಲ್ಲಿ ಯಾರು ಹೋದರು, ಎಲ್ಲ. ತಾನು ಅಲ್ಲೇ ನಿಂತಿದ್ದೆ ಎಂಬುದೊಂದನ್ನು ಹೇಳಲಿಲ್ಲ. ಅದನ್ನು ಅವಳು ಈವರೆಗೆ ಯಾರಿಗೂ ಹೇಳಿದವಳಲ್ಲ. ಉಳಿದದ್ದನ್ನೆಲ್ಲ ಹೇಳಿ, ಹತ್ತೇ ದಿನ ಇದನ್ನು ಹೀಗೇ ಇಡಿ, ನಾನು ವಕೀಲರನ್ನು ಕರೆತರುತ್ತೇನೆ ಎಂದು ಕೈ ಮುಗಿದಳು. ಕಾಲಿಗೆ ಬೀಳಲೂ ಬಗ್ಗಿದಳು. ಹಿಮೇನಾ ಕಾಲು ಹಿಂದೆ ತೆಗೆದುಕೊಂಡರು.

ಪಾಪ ಎಂದರು. ಕಣ್ಣಲ್ಲಿ ನಿಜಕ್ಕೂ ನೀರು ಬಂದಿತ್ತು. ಇದೇ ಕಥೆಯನ್ನು ಅರ್ಧ ಪುಟ ಬರೆಸಿ ಹಲಗೆಯ ಪಕ್ಕದಲ್ಲೇ ಹಾಕೋಣ, ಕಲಾವಿದೆಯ ಬದುಕು, ಕಲಾವಿದೆಯ ಬಣ್ಣ ಎಂದು ಹೆಸರು ಕೊಡೋಣ ಎಂದರು. ಗೀಟು ಮಾತ್ರ ಇರಬಾರದು. ಆ ಅಧಿಕಾರಿಯ ಮನೆಯವರು ನಮಗೆ ಬೇಕಾದವರು. ಅವರ ಹೆಣ್ಣುಮಕ್ಕಳು ಪ್ರದರ್ಶನಕ್ಕೆ ಬರುತ್ತಾರೆ.

"ಸತ್ತವರನ್ನ ಬೀದಿಗೆ ಎಳೀಬಾರದು ಮಗಳೇ."

"ಯಾವ ಸತ್ತವರು ಅಮ್ಮಾವ್ರೆ? ನಿಮ್ಮವರೋ, ನಮ್ಮವರೋ?"

ಹಿಮೇನಾ ಅವರ ಮುಖ ಬಿಗಿಯಿತು. ಇಲ್ಲಿ ಕಲೆಯ ಮಾತಷ್ಟೇ, ರಾಜಕೀಯ ಬೇಡ ಎಂದರು. ಹತ್ತಿ, ಸ್ಪಿರಿಟು, ಕೆಂಪು ಬಣ್ಣದ ಬಟ್ಟಲು ಮೂರನ್ನೂ ಅವಳ ಮುಂದೆ ಸರಿಸಿದರು.

ಮೂವತ್ತೊಂದು ವರ್ಷ ಹೂಂ ಎಂದ ಗಂಟಲು ಅದು. ಬಟ್ಟೆ ಕೊಟ್ಟವರಿಗೆ ಹೂಂ, ಬೈದವರಿಗೆ ಹೂಂ, ಟೋಪಿ ಇಟ್ಟವರಿಗೆ ಹೂಂ. ಈಗ ಆ ಹೂಂ ಹೊರಡಲಿಲ್ಲ.

"ಒರೆಸಲ್ಲ," ಎಂದಳು. "ಬಳಿಯೋದೂ ಇಲ್ಲ. ನೀವು ಒರೆಸಿದ್ರೆ ಅವನ ಜೊತೆ ನೀವೂ ಬಂದೂಕು ಹಿಡಿದ ಹಾಗೆ."

ಗೂಟದ ಮೇಲಿನ ಲಂಗವನ್ನು ಅವಳು ಆ ದಿನ ಮುಟ್ಟಲಿಲ್ಲ. ಹಿಂಬಾಗಿಲಿನಿಂದ ಹೊರಬಿದ್ದು ನೇರವಾಗಿ ಅಯಾಕುಚೊ ಬಸ್ಸು ಹಿಡಿದಳು. ಕಚೇರಿಯಲ್ಲಿ ಈ ಸಲ ಹೊಸ ವಕೀಲನಿದ್ದ, ಎಳೆಯ. ಗೀಟಿನ ಸುದ್ದಿ ಕೇಳಿ ಎದ್ದು ನಿಂತ. ಅದು ಕ್ಯಾಪ್ಟನ್ನನ ಕೈಬರಹಕ್ಕೆ ಹೊಂದಿದರೆ ಪ್ರಕರಣ ಗಟ್ಟಿಯಾಗುತ್ತದೆ ಎಂದ. ಅವಳು ಕಚೇರಿಯ ಜಗಲಿಯ ಮೇಲೆ, ಹುರಿದ ಜೋಳ ತಿನ್ನುತ್ತಾ, ಏಳು ದಿನ ಕೂತಳು. ಎಂಟನೇ ದಿನ ಅವನು ಹಲಗೆಯನ್ನು ವಶಪಡಿಸಿಕೊಳ್ಳುವ ಆದೇಶ ಬರೆದು, ಹಿಮೇನಾ ಅವರ ವಕೀಲನಿಗೆ ಫೋನು ಮಾಡಿದ. ಕೇಳಿಸಿಕೊಂಡ. ಫೋನು ಇಟ್ಟ. ಹಲಗೆಯ ಮೇಲೆ ಪೆನ್ನಿನ ಬರಹವೇ ಇಲ್ಲವಂತಲ್ಲಮ್ಮಾ, ಫೋಟೊ ಕಳಿಸಿದ್ದಾರೆ ನೋಡು ಎಂದ. ಫೋಟೊದಲ್ಲಿ ಹಲಗೆ ತೊಳೆದ ತಟ್ಟೆಯಷ್ಟು ಚೊಕ್ಕವಾಗಿತ್ತು. ಆದೇಶವನ್ನು ಅವನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದ.

ಒರೆಸಿದ್ದು ಯಾರೆಂದು ಅವಳು ಯಾರನ್ನೂ ಕೇಳಬೇಕಾಗಲಿಲ್ಲ. ಲೀಮಾದಲ್ಲಿ ಹಲಗೆ ಕೆಲಸ ಬಲ್ಲವರು ಇಬ್ಬರೇ. ಅವಳು, ಅವಳ ತಮ್ಮ ಡಾಮಾಸೊ. ಮರಳುಗುಡ್ಡಕ್ಕೆ ಬಂದು ಅವನ ಮನೆಯ ಮುಂದೆ ನಿಂತಳು. ಅವನು ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದ. ಉಗುರಿನ ಸಂದಿಯಲ್ಲಿ ಕೆಂಪು ಇನ್ನೂ ಕೂತಿತ್ತು.

"ನಿಂಗೆ ಆ ಹೆಸರುಗಳು ಗೊತ್ತಿರಲಿಲ್ವೇನೋ?"

"ಗೊತ್ತಿತ್ತು ಅಕ್ಕ."

"ನೇಮೆಸಿಯೊ ನಿನ್ನ ಹೆಗಲ ಮೇಲೆ ಆಡಿದ ಮಗು."

"ನಾನು ಒರೆಸದೆ ಇದ್ರೆ ಇನ್ನೊಬ್ಬ ಒರೆಸ್ತಿದ್ದ," ಎಂದ ಡಾಮಾಸೊ. ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. "ನೀನು ಸತ್ತವರನ್ನ ನೋಡ್ಕೋ. ನನಗೆ ಮನೇಲಿ ಐದು ಬದುಕಿರೋ ಬಾಯಿವೆ."

ಅವಳು ಅವನಿಗೆ ಹೊಡೆಯಲಿಲ್ಲ. ಹೊಡೆಯಲು ಅವಳಿಗೆ ಯಾವ ಮುಖ? ಮೂರು ಮಾರು ದೂರದಲ್ಲಿ ನಿಂತು ತಾನೂ ಬದುಕನ್ನೇ ಆರಿಸಿಕೊಂಡವಳಲ್ಲವೆ. ಸಿಟ್ಟು ಬಂದದ್ದು ತಮ್ಮನ ಮೇಲೂ ಹೌದು, ತನ್ನ ಮೇಲೂ ಹೌದು. ಆ ಸಿಟ್ಟಲ್ಲೇ ಮನೆಗೆ ಹೋಗಿ ಒಗೆದ ಬಟ್ಟೆ ತೊಟ್ಟಳು. ಪ್ರದರ್ಶನ ಅವತ್ತೇ ಇತ್ತು.

ಈ ಸಲ ಅವಳು ಮುಂಬಾಗಿಲಿನಿಂದ ಒಳಗೆ ಬಂದಳು. ಕಾವಲಿನವನು ತಡೆದ. ಹಿಮೇನಾ ದೂರದಿಂದ ನೋಡಿ, ಬಿಡು ಬಿಡು, ಅವಳೇ ಇವತ್ತಿನ ಕಲಾವಿದೆ ಎಂದು ನಗುತ್ತಾ ಬಂದು ತೋಳು ಹಿಡಿದರು. ಟೋಪಿ ಎಲ್ಲಿ ಎಂದು ಕಿವಿಯಲ್ಲಿ ಗದರಿದರು. ಹಲಗೆ ನಡುಗೋಡೆಯ ಮೇಲಿತ್ತು, ದೀಪದ ಕೆಳಗೆ. ಕೆಂಪು ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಅವಳ ಬದುಕಿನ ಅರ್ಧ ಪುಟ. ಅದರಲ್ಲಿ ಹಿಂಸೆಯ ವರ್ಷಗಳು ಎಂದಿತ್ತು. ಯಾರು ಯಾರನ್ನು ಹಿಂಸಿಸಿದರು ಎಂಬುದಿರಲಿಲ್ಲ. ಆರು ಮಂದಿ ಬಣ್ಣ ಹೊಳೆಸಿಕೊಂಡು ನಿಂತಿದ್ದರು, ಯಾರೂ ಮುಟ್ಟದವರ ಹಾಗೆ.

ಮೈಕು ಕೈಗೆ ಕೊಟ್ಟರು. ಅದೇ ಪ್ರಶ್ನೆ ಬಂತು. ನಿಮ್ಮ ಬದುಕಿನ ಯಾವ ಅನುಭವ ಈ ಚಿತ್ರವಾಯಿತು?

ಉಬಾಲ್ದಿನಾ ಅಜ್ಜಿಯ ಹಾಡು ಹೇಳಲಿಲ್ಲ.

"ಅನುಭವ ಚಿತ್ರ ಆಗಲಿಲ್ಲ," ಎಂದಳು. "ಚಿತ್ರ ಅನುಭವ ಆಯ್ತು. ನಾನು ಹೆಸರು ಬರೆದೆ, ಅವನು ಓದಿದ. ನಾನು ಕೆಂಪು ಬಳಿದೆ, ಅವರನ್ನ ಕೊಂದ. ಆರು ಜನರ ಪಕ್ಕ ಅವನು ಗೀಟು ಹಾಕಿದ್ದ. ಹೋದ ವಾರ ಈ ಮನೇಲಿ ಅದನ್ನ ಒರೆಸಿದ್ರು. ಬುಡದ ಹೆಸರು ನಂದು. ಅದನ್ನೂ ಕೂಗಿದ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಜೀವದ ಆಸೆ. ಅದಕ್ಕೆ ಕೆಂಪು ಮುಟ್ಟಲ್ಲ. ಪೂಜೆಯೂ ಇಲ್ಲ, ಮಣ್ಣೂ ಇಲ್ಲ."

ಮೂವತ್ತೊಂದು ವರ್ಷ ಯಾರಿಗೂ ಹೇಳದ ಮಾತು. ಆಡಿ ಮುಗಿಸಿ ಜನರತ್ತ ನೋಡಿದಳು. ಯಾರಾದರೂ ಉಗಿಯಬಹುದು ಎಂದುಕೊಂಡಳು. ಕಲ್ಲು ತೂರಬಹುದು ಎಂದುಕೊಂಡಳು. ಅವರು ಚಪ್ಪಾಳೆ ತಟ್ಟಿದರು. ಹಿಂದಿದ್ದವರು ಎದ್ದು ನಿಂತು ತಟ್ಟಿದರು. ಕ್ಯಾಪ್ಟನ್ನನ ಹೆಣ್ಣುಮಕ್ಕಳು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ, ಎಲ್ಲರೂ ತಟ್ಟುತ್ತಿದ್ದರು. ಒಬ್ಬಾಕೆ ಕಣ್ಣೊರೆಸಿಕೊಂಡು, ಇಷ್ಟು ನೋವಿದ್ದುದರಿಂದಲೇ ನಿಮ್ಮ ನೀಲಿ ಅಷ್ಟು ಆಳವೇ ಎಂದು ಕೇಳಿದಳು. ಹಿಮೇನಾ ಅವಳ ಬೆನ್ನು ಸವರಿದರು.

"ನಾಳೆ ರಾಯಭಾರಿಗಳು ಬರ್ತಾರೆ ಮಗಳೇ. ಹೀಗೇ ಹೇಳು. ಒರೆಸಿದ ಮಾತೊಂದು ಬೇಡ."

ಅವಳು ಮೈಕನ್ನು ನೆಲಕ್ಕಿಟ್ಟಳು. ಹಲಗೆಯ ಹತ್ತಿರ ಹೋದಳು. ಎರಡೂ ಕೈ ಚಾಚಿ ಅದನ್ನು ಗೋಡೆಯಿಂದ ಎತ್ತಿದಳು. ಊರಲ್ಲಿ ಹಲಗೆ ಹೊರುವಂತೆ ಹೆಗಲ ಮೇಲಿಟ್ಟುಕೊಂಡು ನಡೆದಳು. ಜನ ದಾರಿ ಬಿಟ್ಟರು. ಇದೂ ಕಾರ್ಯಕ್ರಮದ್ದೇ ಎಂದುಕೊಂಡು ಫೋನು ಎತ್ತಿ ಚಿತ್ರ ತೆಗೆದರು. ಬಾಗಿಲು ಹಿಡಿದು ನಿಂತಿದ್ದವನು ಬಾಗಿಲು ತೆರೆದೂ ಕೊಟ್ಟ. ಬೀದಿಯಲ್ಲಿ ನೂರು ಹೆಜ್ಜೆ ಹೋದ ಮೇಲೆ ಕಾವಲಿನವನು ಓಡಿಬಂದು ಅವಳನ್ನು ಕೆಡವಿದ. ಕಲ್ಲುಹಾಸಿಗೆ ಮುಖ ಬಡಿದು ಹಲ್ಲು ಅಲುಗಿತು. ಹಲಗೆಯನ್ನು ಅವಳು ಬಿಡಲಿಲ್ಲ. ಬೆರಳುಗಳ ಮೇಲೆ ಬೂಟು ಇಟ್ಟು ತುಳಿದು ಬಿಡಿಸಬೇಕಾಯಿತು.

ಪೊಲೀಸು ಠಾಣೆಯಲ್ಲಿ ಒಬ್ಬ ನಡುವಯಸ್ಸಿನ ಬರಹದ ಪೇದೆ ಇದ್ದ. ಹಿಮೇನಾ ಅವರ ವಕೀಲ ದೂರು ಕೊಟ್ಟ. ಹಲಗೆಗೆ ವಿಮೆ ಇದೆ, ಅದರ ಮೇಲಿರುವ ಒಂದಕ್ಷರವನ್ನೂ ಬಿಡದೆ ವಿವರ ಬರೆದುಕೊಳ್ಳಬೇಕು, ಇಲ್ಲದಿದ್ದರೆ ವಿಮೆಯವರು ಒಪ್ಪುವುದಿಲ್ಲ ಎಂದು ಒತ್ತಿ ಹೇಳಿದ. ಪೇದೆ ಕದ್ದ ಮಾಲಿನ ವಿವರ ಎಂಬ ಕಾಗದ ತೆಗೆದ. ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಉಬಾಲ್ದಿನಾಳ ಬಾಯಿಯಿಂದ ರಕ್ತ ಇಳಿಯುತ್ತಿತ್ತು. ಅವಳು ಆ ಕಾಗದವನ್ನು ನೋಡಿದಳು. ಮೇಲ್ತುದಿಯಲ್ಲಿ ಸರ್ಕಾರದ ಲಾಂಛನವಿತ್ತು. ಮೇಜಿನ ಮೇಲೆ ಮೊಹರು ಇತ್ತು. ಮೊಹರು ಇರುವ ಒಂದೇ ಒಂದು ಕಾಗದ ತಾ ಎಂದಿದ್ದರು ಅಯಾಕುಚೊದಲ್ಲಿ.

"ಕೆಳಗಿನಿಂದ ಓದಬೇಕು," ಎಂದಳು. "ನಾನು ಹೇಳ್ತೀನಿ, ಬರ್ಕೊಳ್ಳಿ."

ಬುಡದ ಹೆಸರು ತನ್ನದೆಂದು ತೋರಿಸಿ, ಅಲ್ಲಿಂದ ಮೇಲಕ್ಕೆ ಒಂದೊಂದೇ ಹೇಳಿದಳು. ಕ್ಲೆಮೆಂತೆ ಯಾಂಕೆ, ಯಜಮಾನ, ವಯಸ್ಸು ಮೂವತ್ತೆಂಟು, ಕೈಯಲ್ಲಿ ನೇಗಿಲು. ಲಾಸ್ತೇನಿಯಾ ಪೊಮಾ, ಅವನ ಹೆಂಡತಿ, ಮೂವತ್ತೈದು, ಕೈಯಲ್ಲಿ ಹೆಂಡದ ಕೋಲು. ನೇಮೆಸಿಯೊ ಯಾಂಕೆ, ಅವರ ಮಗ, ಏಳು. ಎಡೆಲ್ಮಿರಾ ಯಾಂಕೆ, ಮಗಳು, ಹದಿನಾಲ್ಕು, ಕೈಯಲ್ಲಿ ಕದಿರು. ಮೌರೊ ಯಾಂಕೆ, ಯಜಮಾನನ ತಮ್ಮ, ಇಪ್ಪತ್ತೆರಡು, ಕೊಳಲು. ಅಪೊಲಿನಾರಿಯೊ ಯಾಂಕೆ, ಅಪ್ಪ, ಎಪ್ಪತ್ತು. ಊರು ಚಾಕಮಾರ್ಕಾ. ವಯಸ್ಸೆಲ್ಲ ಯಾಕೆ ಎಂದು ಪೇದೆ ಗೊಣಗಿದ. ವಿಮೆಯವರಿಗೆ ಬೇಕಾಗುತ್ತದೆ, ಎಲ್ಲ ಬರಿ ಎಂದ ವಕೀಲ. ಪೇದೆ ಬರೆದ. ತಪ್ಪಿಲ್ಲದೆ ಬರೆದನೇ ಎಂದು ಅವಳು ಒಂದೊಂದು ಹೆಸರನ್ನೂ ಓದಿಸಿ ಕೇಳಿದಳು.

ವಕೀಲ ಸಹಿ ಹಾಕಿ ಹೋದ. ಪೇದೆ ಮೊಹರು ಒತ್ತಿದ. ಅವಳು ಆ ಕಾಗದದ ಒಂದು ಪ್ರತಿ ಕೇಳಿದಳು.

"ತಪ್ಪು ಒಪ್ಕೊಂಡು ಸಹಿ ಹಾಕಿದ್ರೆ ಆರೋಪಿಗೆ ಒಂದು ಪ್ರತಿ ಸಿಗುತ್ತೆ," ಎಂದ ಪೇದೆ. ಅವಳ ಒಡೆದ ಬಾಯಿ ನೋಡಿ ಅವನಿಗೆ ಏನನ್ನಿಸಿತೋ, ದನಿ ತಗ್ಗಿಸಿದ. "ಒಪ್ಕೋಬೇಡಮ್ಮ. ನಿನ್ನ ಚಿತ್ರ ನೀನು ಹೊತ್ಕೊಂಡು ಹೋದೆ ಅಂದ್ರೆ ಬಿಟ್ಟುಬಿಡ್ತಾರೆ. ಒಪ್ಕೊಂಡ್ರೆ ಎರಡು ವರ್ಷ ಒಳಗಿರ್ತೀಯ."

"ಕದ್ದಿದ್ದು ನಾನೇ," ಎಂದಳು ಉಬಾಲ್ದಿನಾ. "ಎಲ್ಲಿ ಹಾಕಬೇಕು ಸಹಿ?"

ತುಳಿದ ಬೆರಳುಗಳು ಪೆನ್ನು ಹಿಡಿಯಲಿಲ್ಲ. ಎಡಗೈಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಆರೋಪಿ ಎಂದಿದ್ದ ಕಡೆ ತನ್ನ ಪೂರಾ ಹೆಸರು ಬರೆದಳು. ಪೇದೆ ಪ್ರತಿ ಹರಿದು ಕೊಟ್ಟ. ಇದನ್ನು ಯಾರಿಗೆ ಕಳಿಸಬೇಕು, ನಿನ್ನ ಮನೆಯವರಿಗಾ ಎಂದು ಕೇಳಿದ. ಅಯಾಕುಚೊ ಸರ್ಕಾರಿ ವಕೀಲರಿಗೆ ಎಂದಳು ಅವಳು. ಆ ಆರು ಜನ ಹುಟ್ಟಿದ್ದರು ಎಂದು ಸರ್ಕಾರ ಬರೆದುಕೊಟ್ಟಿದೆ, ಅದನ್ನು ಅವರು ನೋಡಬೇಕು ಎಂದಳು.